ಆಷಾಢಕ್ಕೆ ಮೊದಲು ಉಕ್ಕಿಸಿದ ಹಾಲು

ನಮ್ಮ ಯಜಮಾನರು ಕಂಪ್ಯೂಟರ್ ಮುಂದೆ ಕೂರುವುದನ್ನು ಕಲಿತದ್ದು ಕಾರ್ಖಾನೆಯ ಕೆಲಸ ಹೋದ ಮೇಲೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಸ್ವಯಂ ನಿವೃತ್ತಿ ಎಂದು ಹೆಸರಿಟ್ಟು ಕಳಿಸಿದರು. ಅದರಲ್ಲಿ ಇವರ ಸ್ವಯಂ ಏನೂ ಇರಲಿಲ್ಲ. ಬಂದ ದುಡ್ಡು ಬ್ಯಾಂಕಿನಲ್ಲಿತ್ತು. ಅದರಿಂದ ಒಂದು ಮನೆ ಆಗಬೇಕು, ಅಷ್ಟು ದುಡ್ಡು ಒಟ್ಟಿಗೆ ಮತ್ತೆ ನಮ್ಮ ಕೈಗೆ ಬರುವುದಿಲ್ಲ ಎನ್ನುವುದು ಮನೆಯಲ್ಲಿದ್ದ ಮೂವರಿಗೂ, ಅಂದರೆ ಇವರಿಗೆ, ನನಗೆ, ನಮ್ಮ ಅತ್ತೆಗೆ, ಚೆನ್ನಾಗಿ ಗೊತ್ತಿತ್ತು. ಮಗಳ ಮದುವೆ ಅದಕ್ಕೂ ಮೊದಲೇ ಮುಗಿದಿತ್ತು. ಅದೊಂದನ್ನು ದೇವರು ಕಣ್ಣು ಬಿಟ್ಟು ಮಾಡಿಸಿದ ಎಂದು ಈಗಲೂ ಅಂದುಕೊಳ್ಳುತ್ತೇನೆ.

ನಾವಾಗ ಶ್ರೀನಗರದಲ್ಲಿ ಒಂದು ಹಿತ್ತಲ ಮನೆಯಲ್ಲಿ ಬಾಡಿಗೆಗಿದ್ದೆವು. ಓನರ್ ಹಳೆಯ ಮನೆ ಕೆಡವಿ ಮೂರು ಅಂತಸ್ತು ಎಬ್ಬಿಸುವವರಿದ್ದರು. ಒಳ್ಳೆಯವರೇ. “ಆತುರ ಏನಿಲ್ಲಮ್ಮ, ದೀಪಾವಳಿ ಒಳಗೆ ನೋಡ್ಕೊಳ್ಳಿ” ಎಂದಿದ್ದರು. ಹಾಗಾಗಿ ಸ್ವಂತ ಮನೆ ಹುಡುಕಲು ಹೊರಟೆವು. ಮೊದಲು ದಳ್ಳಾಳಿಗಳ ಹಿಂದೆ ತಿರುಗಿದ್ದಾಯಿತು. ಜಯನಗರದ ಕಡೆ ಬೆಲೆ ಕೇಳುವ ಧೈರ್ಯವನ್ನೇ ಮಾಡಲಿಲ್ಲ. ಜೆ.ಪಿ. ನಗರದ ಒಬ್ಬ ದಳ್ಳಾಳಿ ನಮ್ಮ ಲೆಕ್ಕಾಚಾರ ಕೇಳಿ ನಕ್ಕುಬಿಟ್ಟ. “ಸಾರ್, ಈ ಬಜೆಟ್‌ಗೆ ಇಲ್ಲಿ ಕಾರ್ ನಿಲ್ಸೋ ಜಾಗ ಬರುತ್ತೆ ಅಷ್ಟೇ. ಅದೂ ಸಣ್ಣ ಕಾರು.”

ಆ ನಗು ಇವರಿಗೆ ನಾಟಿತು. ಮಾರನೆಯ ದಿನದಿಂದ ಮುಖ್ಯರಸ್ತೆಯ ಸೈಬರ್ ಸೆಂಟರಿಗೆ ಹೋಗತೊಡಗಿದರು. ಅಲ್ಲಿ ವೆಬ್‌ಸೈಟಿನಲ್ಲಿ ಮನೆಗಳ ಜಾಹೀರಾತು ನೋಡುವುದು, ಬೇಕಾದ್ದನ್ನು ಪ್ರಿಂಟ್ ತೆಗೆಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬರುವುದು. ಒಂದು ದಿನ ಚಪ್ಪಲಿ ಬಿಡುವ ಮೊದಲೇ ಕೂಗಿದರು. “ಲೇ, ಬಾ ಇಲ್ಲಿ. ಜರಗನಹಳ್ಳಿ. ಕನಕಪುರ ರೋಡಿಂದ ಒಳಗೆ, ನಡ್ಕೊಂಡ್ ಹೋಗೋ ದೂರ. ಮಾಲೀಕರಿಂದ ನೇರ ಮಾರಾಟ, ಮಧ್ಯವರ್ತಿಗಳು ಬೇಡ ಅಂತ ಅವ್ರೇ ಹಾಕಿದಾರೆ.” ಹಾಳೆಯಲ್ಲಿ ಮೂರು ಚಿತ್ರಗಳಿದ್ದವು. ಹಜಾರ, ಅಡುಗೆಮನೆ, ಬಾಗಿಲ ಮುಂದಿನ ತುಳಸಿಕಟ್ಟೆ. ಕಟ್ಟೆಯ ಮೇಲೆ ರಂಗೋಲಿ ಬಿಟ್ಟಿದ್ದರು. ಅತ್ತೆ ಕನ್ನಡಕ ಹಾಕಿಕೊಂಡು ಆ ರಂಗೋಲಿಯನ್ನೇ ನೋಡಿದರು. “ಸಂಸಾರಸ್ಥರು” ಎಂದರು.

ನೋಡಲು ಹೋದೆವು. ಓಣಿಯ ಕೊನೆಯ ಮನೆ. ಒಂದು ಕಡೆ ಖಾಲಿ ಸೈಟು, ಇನ್ನೊಂದು ಕಡೆ ಆಗತಾನೇ ಕಟ್ಟುತ್ತಿದ್ದ ಕಟ್ಟಡ. ಮಾರುವವರು ನಮಗಿಂತ ಚಿಕ್ಕ ವಯಸ್ಸಿನ ಗಂಡ ಹೆಂಡತಿ. ಆತ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಮೆತ್ತಗೆ ಮಾತಾಡುತ್ತಿದ್ದ. ಆಕೆ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದಳು. ಕಾಫಿ ಕೊಟ್ಟಳು. ಹೊರಡುವಾಗ ನನಗೂ ಅತ್ತೆಗೂ ಮಣೆ ಹಾಕಿ ಕೂರಿಸಿ, ನನಗೆ ಅರಿಶಿನ ಕುಂಕುಮ, ಎಲೆ ಅಡಿಕೆ, ಬಾಳೆಹಣ್ಣು ಕೊಟ್ಟಳು. ಅತ್ತೆ ವಿಧವೆ. ಅವರಿಗೆ ಕುಂಕುಮದ ಬದಲು ಹಣ್ಣು ಕಾಯಿ ಕೊಟ್ಟು, ಯಾವ ಮುಜುಗರವೂ ಆಗದ ಹಾಗೆ, “ಅಮ್ಮ, ನೀವು ಆಶೀರ್ವಾದ ಮಾಡಿ” ಎಂದಳು. ಬಸ್ಸಿನಲ್ಲಿ ಬರುವಾಗ ಅತ್ತೆ ಅದನ್ನೇ ಹೇಳಿದರು. ಮಾರುವವರ ಬಗ್ಗೆ ನಾವು ಮಾಡಿದ ವಿಚಾರಣೆ ಎಂದರೆ ಅಷ್ಟೇ.

ಕಾಗದಪತ್ರ ನೋಡಲಿಲ್ಲವೆಂದಲ್ಲ. ಮನೆ ತನ್ನ ತಾಯಿಯ ಹೆಸರಲ್ಲಿದೆ ಎಂದು ಆತ ಹೇಳಿದ. ಆಕೆಗೆ ಕಾಲು ಆಡುವುದಿಲ್ಲ, ಊರಲ್ಲಿದ್ದಾಳೆ, ಮಾರುವ ಅಧಿಕಾರವನ್ನು ತನಗೆ ಬರೆದುಕೊಟ್ಟಿದ್ದಾಳೆ ಎಂದು ಪವರ್ ಆಫ್ ಅಟಾರ್ನಿ ಪತ್ರ ತೋರಿಸಿದ. ಕ್ರಯಪತ್ರ, ಕಂದಾಯದ ರಸೀದಿ, ಎಲ್ಲದರ ಜೆರಾಕ್ಸ್ ಕೊಟ್ಟ. ಇವರ ಕಾರ್ಖಾನೆಯ ಸ್ನೇಹಿತರೊಬ್ಬರು ನೋಂದಣಿ ಕಚೇರಿಯಲ್ಲಿ ವಿಚಾರಿಸಿ ಬಂದು, ಮನೆ ಆ ಹೆಂಗಸಿನ ಹೆಸರಿನಲ್ಲೇ ಇದೆ, ಮೇಲೆ ಸಾಲವಿಲ್ಲ ಎಂದರು. ಎಲ್ಲವೂ ನಿಜ. ಮನೆಯ ಕಾಗದ ನಿಜವಾಗಿತ್ತು, ಆ ಅಧಿಕಾರಪತ್ರವೂ ಅದನ್ನು ತೋರಿಸಿದ ಮನುಷ್ಯನೂ ಸುಳ್ಳು. ಆ ತಾಯಿಯನ್ನು ಒಮ್ಮೆ ನೋಡಿಕೊಂಡು ಬರೋಣ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹಾಸಿಗೆ ಹಿಡಿದ ಮುದುಕಿಗೆ ಯಾಕೆ ತೊಂದರೆ ಎನ್ನುವ ಮರ್ಯಾದೆ.

ಅಷ್ಟರಲ್ಲಿ ಜ್ಯೇಷ್ಠ ಮುಗಿಯುತ್ತ ಬಂತು. ಆಷಾಢದಲ್ಲಿ ನಮ್ಮಲ್ಲಿ ಮನೆಯ ಮಾತನ್ನೇ ಎತ್ತುವುದಿಲ್ಲ. ಕೊಳ್ಳುವುದಿರಲಿ, ಹೋಗಿ ನೋಡುವುದೂ ಇಲ್ಲ. ಶ್ರಾವಣದವರೆಗೆ ಕಾಯೋಣ ಎಂದು ಇವರು ಫೋನ್ ಮಾಡಿದರೆ ಆತ ಹೇಳಿದನಂತೆ, “ಕಾಯಿರಿ ಸಾರ್, ನನ್ನದೇನಿಲ್ಲ. ಆದ್ರೆ ಇನ್ನೊಂದು ಪಾರ್ಟಿ ಬಂದಿದಾರೆ, ಅವ್ರು ಕ್ರಿಶ್ಚಿಯನ್ಸು, ಆಷಾಢ ಗೀಷಾಢ ಅವ್ರಿಗಿಲ್ಲ. ನನ್ನ ಹೆಂಡ್ತಿಗೆ ಮಾತ್ರ ನಿಮ್ಮನೆಯವ್ರಿಗೇ ಕೊಡ್ಬೇಕು ಅಂತ ಆಸೆ. ಒಂದ್ ಕೆಲ್ಸ ಮಾಡಿ. ಈಗ್ಲೇ ಒಳ್ಳೇ ದಿನ ನೋಡಿ ಹಾಲು ಉಕ್ಕಿಸ್ಕೊಂಡು ಹೋಗ್ಬಿಡಿ. ಅಗ್ರಿಮೆಂಟ್ ಆಗ್ಲಿ, ಬೀಗದ ಕೈ ಕೊಡ್ತೀನಿ. ರಿಜಿಸ್ಟ್ರೇಷನ್ ಶ್ರಾವಣದಲ್ಲಿ ಮಾಡ್ಕೊಳ್ಳೋಣ, ತಾಯೀನ ಕಾರಲ್ಲಿ ಕರ್ಕೊಂಡ್ ಬರ್ತೀನಿ.”

ಫೋನಿಟ್ಟು ಇವರು ಅತ್ತೆಯ ಮುಖ ನೋಡಿದರು. ಅತ್ತೆ ಪಂಚಾಂಗ ತೆಗೆದರು.

ಹಾಲು ಉಕ್ಕಿಸಲು ಹೋದ ಬೆಳಿಗ್ಗೆ ಅವನ ಹೆಂಡತಿ ತನ್ನ ಒಲೆಯನ್ನು ತೊಳೆದು, ಸುತ್ತ ರಂಗೋಲಿ ಎಳೆದು, ನಮಗೆ ಬಿಟ್ಟುಕೊಟ್ಟು ಹೊರಗೆ ನಿಂತಳು. ನಾನು ಹೊಸ ಪಾತ್ರೆ ಒಯ್ದಿದ್ದೆ. ಹಾಲು ಪೂರ್ವಕ್ಕೆ ಉಕ್ಕಿತು. ಅತ್ತೆ ಕಣ್ಣೊರೆಸಿಕೊಂಡು ಮಗನ ತಲೆ ಸವರಿದರು. ಐವತ್ತು ದಾಟಿದ ಮಗ. ದೇವರ ಪಟದ ಮುಂದೆ ಅಗ್ರಿಮೆಂಟಿಗೆ ಸಹಿ ಆಯಿತು. ಮನೆಯ ಬೆಲೆಯ ಮುಕ್ಕಾಲು ಪಾಲು, ಅಂದರೆ ನಮ್ಮಲ್ಲಿದ್ದ ಅಷ್ಟೂ ದುಡ್ಡು, ಚೆಕ್ಕಿನಲ್ಲಿ ಅವನ ಕೈ ಸೇರಿತು. ಉಳಿದ ಕಾಲು ಪಾಲಿಗೆ ಸಾಲ ಎಂದುಕೊಂಡಿದ್ದೆವು. ನಾಲ್ಕು ದಿನದಲ್ಲಿ ಖಾಲಿ ಮಾಡುತ್ತೇವೆ ಎಂದು ಹೇಳಿ ಬೀಗದ ಕೈಯನ್ನು ನಮ್ಮ ಕೈಗೆ ಕೊಟ್ಟ. ಬಿಸಿ ಹಾಲಿಗೆ ಸಕ್ಕರೆ ಹಾಕಿ ಎಲ್ಲರಿಗೂ ಲೋಟದಲ್ಲಿ ಕೊಟ್ಟೆ. ಅವನಿಗೂ ಕೊಟ್ಟೆ. ಕುಡಿದ.

ಆಷಾಢವಿಡೀ ಬೀಗದ ಕೈ ದೇವರ ಗೂಡಿನಲ್ಲಿತ್ತು. ಶುಕ್ರವಾರ ಬನಶಂಕರಿ ಅಮ್ಮನ ಗುಡಿಗೆ ಹೋಗಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬರುತ್ತಿದ್ದೆ. ಇವರು ಒಮ್ಮೆ ಅವನಿಗೆ ಫೋನ್ ಮಾಡಿದರು. “ಆಷಾಢ ಅಲ್ವಾ ಸಾರ್, ಈಗ ಮನೆ ಮಾತು ಬೇಡ, ನಿಮ್ಮ ಅಮ್ಮನೇ ಬೈತಾರೆ” ಎಂದು ನಕ್ಕನಂತೆ. ಆಮೇಲೆ ಮಾಡಿದಾಗ ಫೋನ್ ಆಫ್ ಆಗಿತ್ತು. “ಒಂದ್ಸಲ ಹೋಗಿ ನೋಡ್ಕೊಂಡು ಬರ್ಲಾ?” ಎಂದು ಇವರು ಕೇಳಿದ್ದೂ ನಿಜ. “ಕಳೀಲಿ ಬಿಡೋ, ನಾಲ್ಕು ದಿನಕ್ಕೆ ಯಾಕೆ ಅಪಶಕುನ” ಎಂದು ಅತ್ತೆ ತಡೆದದ್ದೂ ನಿಜ. ನಾನು ಪಾತ್ರೆಗಳಿಗೆ ಹಳೇ ಸೀರೆ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದೆ. ಓಡಿಹೋಗುವವನಿಗೆ ಒಂದು ತಿಂಗಳು ಯಾರೂ ಹಿಂದೆ ತಿರುಗಿ ನೋಡದ ಹಾಗೆ ಸಮಯ ಬೇಕಿತ್ತು. ನಮ್ಮಂಥವರನ್ನು ನೋಡಿಯೇ ಆರಿಸಿದ್ದ.

ಶ್ರಾವಣದ ಮೊದಲ ದಿನ ಮೂವರೂ ಮಾವಿನ ಸೊಪ್ಪು ಹಿಡಿದುಕೊಂಡು ಹೋದೆವು. ಬೀಗದ ಕೈ ಹೊಂದಲಿಲ್ಲ. ಬೀಗವೇ ಬೇರೆ. ಕಿಟಕಿಯಲ್ಲಿ ಇಣುಕಿದರೆ ಒಳಗೆ ಸುಣ್ಣ ಬಳಿದಿದ್ದರು, ಮನೆ ಖಾಲಿ. ಇವರು ಇನ್ನೂ ಬೀಗದ ಕೈಯನ್ನು ತಿರುಗಿಸುತ್ತಲೇ ಇದ್ದರು. ಅಷ್ಟರಲ್ಲಿ ಹಿಂದಿನ ಓಣಿಯಿಂದ ಒಬ್ಬ ಅಜ್ಜಿ ಬಂದಳು. ಗಟ್ಟಿ ಮೈಕಟ್ಟು, ಕಿವಿಯಲ್ಲಿ ಭಾರದ ಓಲೆ, ಕಾಲು ಚೆನ್ನಾಗಿಯೇ ಆಡುತ್ತಿತ್ತು.

“ಯಾರವ್ವ ನೀವು? ಬಾಡಿಗೆಗೆ ಕೇಳಕ್ಕೆ ಬಂದ್ರಾ?”

“ನಾವು ಈ ಮನೆ ತಗೊಂಡೋರು” ಎಂದರು ನಮ್ಮ ಅತ್ತೆ.

ಅಜ್ಜಿ ನಮ್ಮ ಕೈಯ ಮಾವಿನ ಸೊಪ್ಪು ನೋಡಿದಳು. ಆಮೇಲೆ ಜಗಲಿಯ ಮೇಲೆ ಕೂತು, “ಕೂತ್ಕಳ್ಳಿ, ಎಲ್ರೂ ಮೊದ್ಲು ಕೂತ್ಕಳ್ಳಿ” ಎಂದಳು. “ಈ ಮನೆ ನಂದು ಕಣವ್ವ. ನಮ್ಮ ಯಜಮಾನ್ರು ಹೊಲ ಸರ್ಕಾರಕ್ಕೆ ಹೋದಾಗ ಬಂದ ದುಡ್ಡಲ್ಲಿ ಕಟ್ಸಿದ್ದು. ಅವ್ರಿಬ್ರೂ ಬಾಡಿಗೆಗೆ ಬಂದು ಆರು ತಿಂಗ್ಳೂ ತುಂಬಿರ್ಲಿಲ್ಲ. ಗ್ಯಾಸ್ ಕನೆಕ್ಷನ್ಗೆ ಬೇಕು ಅಂತ ಪತ್ರ, ಕಂದಾಯದ ರಸೀದಿ ಎಲ್ಲದ್ರ ಜೆರಾಕ್ಸ್ ಇಸ್ಕೊಂಡ. ಆಷಾಡ ಬಿದ್ದ ಮೂರ್ನೇ ದಿನಕ್ಕೇ ಖಾಲಿ ಮಾಡ್ಕೊಂಡು ಹೋದ. ನೀವು ಎರಡ್ನೇವ್ರು. ಇವತ್ ಬೆಳಗ್ಗೇನೇ ಒಬ್ರು ಬಂದು ಇಲ್ಲೇ ಕೂತು ಅತ್ಬಿಟ್ಟು ಹೋದ್ರು. ಅವ್ರೂ ಹಾಲು ಉಕ್ಕಿಸಿದ್ರಂತೆ.”

ಅದೇ ಒಲೆಯ ಮೇಲೆ, ಅಜ್ಜಿ ಹೇಳಿದ ದಿನ ಲೆಕ್ಕ ಹಾಕಿದರೆ ನಮಗಿಂತ ಎರಡು ದಿನ ಮೊದಲು. ನಮಗೆ ರಂಗೋಲಿ ಹಾಕಿಕೊಟ್ಟಾಗ ಆಕೆ ಅವರ ಉಕ್ಕಿದ ಹಾಲನ್ನೇ ತೊಳೆದಿದ್ದಳೇನೋ.

ಇವರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆಯತೊಡಗಿದರು. ಅತ್ತೆಯನ್ನು ಕರೆದುಕೊಳ್ಳುವುದನ್ನೂ ಮರೆತಿದ್ದರು.

ಪೊಲೀಸ್ ಸ್ಟೇಷನ್ನಿನಲ್ಲಿ ಬರೆದುಕೊಳ್ಳುವವರು ಪೆನ್ನು ಕೆಳಗಿಟ್ಟು ಕೇಳಿದರು. “ರಿಜಿಸ್ಟ್ರೇಷನ್ ಆಗದೆ ಹಾಲು ಉಕ್ಕಿಸಿದ್ರಾ? ಅದೂ ಅವ್ರ ಗ್ಯಾಸಲ್ಲಿ?” ಪಕ್ಕದಲ್ಲಿದ್ದ ಇನ್ನೊಬ್ಬರು, “ಗ್ಯಾಸ್ ದುಡ್ಡು ಉಳೀತು ಬಿಡಿ ಸಾರ್ ಅವ್ರಿಗೆ” ಎಂದರು. ಇವರು ತಲೆ ತಗ್ಗಿಸಿದವರು ಎತ್ತಲಿಲ್ಲ. ಹೆಸರು ಸುಳ್ಳು, ಊರು ಸುಳ್ಳು, ಫೋನು ಯಾರದೋ ಹೆಸರಿನದು. ಚೆಕ್ಕು ಹಾಕಿದ ಬ್ಯಾಂಕಿನ ಖಾತೆ ಖಾಲಿ. ವೆಬ್‌ಸೈಟಿನವರಿಗೆ ಫೋನ್ ಮಾಡಿದರೆ, ಜಾಹೀರಾತು ಹಾಕಲು ಜಾಗ ಕೊಡುವುದಷ್ಟೇ ನಮ್ಮ ಕೆಲಸ, ತೆಗೆಯಬೇಕಾದರೆ ಹಾಕಿದವರೇ ತೆಗೆಯಬೇಕು ಎಂದು ಒಂದು ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು. ದೂರು ದೂರಾಗಿಯೇ ಉಳಿಯಿತು.

ಅಲ್ಲಿಂದ ಇವರು ಮಾತು ಬಿಟ್ಟರು. ಊಟಕ್ಕೆ ಕರೆದರೆ ಬಂದು ಕೂರುವರು, ಬಡಿಸಿದಷ್ಟು ತಿನ್ನುವರು. ಗೋಡೆಯ ಕಡೆ ಮುಖ ಮಾಡಿ ಮಲಗುವರು. ಯಾರಾದರೂ ಬಂದರೆ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುವರು. ಕಾರ್ಖಾನೆಯ ಸ್ನೇಹಿತರು ಬಂದು ಬಂದು, ಕೊನೆಗೆ ಬರುವುದನ್ನು ನಿಲ್ಲಿಸಿದರು. ದುಡ್ಡು ಹೋದದ್ದು ಹೋಯಿತು, ಈ ಮನುಷ್ಯ ಉಳಿಯಲಿ ಎಂದು ದೇವರ ಮುಂದೆ ಕೂರುತ್ತಿದ್ದೆ. ಬೇರೇನೂ ಕೇಳುವ ಮುಖ ನನಗಿರಲಿಲ್ಲ. ಬೆಳಿಗ್ಗೆ ಎದ್ದಾಗ ಅವರ ಹೊದಿಕೆ ಉಸಿರಿಗೆ ಏರಿಳಿಯುವುದನ್ನು ನೋಡಿಯೇ ಒಲೆ ಹಚ್ಚುತ್ತಿದ್ದೆ.

ದೀಪಾವಳಿ ಹತ್ತಿರ ಬಂತು, ಶ್ರೀನಗರದ ಮನೆ ಬಿಡಲೇಬೇಕಾಯಿತು. ಸುದ್ದಗುಂಟೆಪಾಳ್ಯದ ಕಡೆ ನೋಡಿದೆ. ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದರು. ಅದು ನಮ್ಮಲ್ಲಿರಲಿಲ್ಲ. ಆಗ ಜರಗನಹಳ್ಳಿಯ ಅಜ್ಜಿಯೇ ಹೇಳಿ ಕಳಿಸಿದಳು. “ಕೇಸ್ ಗೀಸ್ ಅಂತ ಆ ಮನೆಗೆ ಯಾರೂ ಬರ್ತಿಲ್ಲ. ಅಡ್ವಾನ್ಸು ಬೇಡ, ಬಾಡಿಗೆ ಕೊಟ್ಕಂಡು ಇರಿ.”

ಬೇರೆಯವರಾದರೆ ಆ ದಿಕ್ಕಿಗೆ ತಿರುಗುತ್ತಿರಲಿಲ್ಲವೇನೋ. ನಮಗೆ ತಲೆಯ ಮೇಲೊಂದು ಸೂರು ಬೇಕಿತ್ತು. ಇವರನ್ನು ಕೇಳಿದರೆ ಗೋಡೆಯ ಕಡೆ ಹೊರಳಿದರು. ಅತ್ತೆಯೇ ಸೆರಗು ಸಿಕ್ಕಿಸಿಕೊಂಡು ಎದ್ದರು. ಹೊಸ್ತಿಲು ದಾಟಿದ ದಿನ ನಾನು ಹಾಲಿನ ಪಾತ್ರೆಗೆ ಕೈ ಹಾಕಿದರೆ, “ಒಂದ್ಸಲ ಉಕ್ಕಿಸಿ ಆಗಿದೆಯಲ್ಲ ಕಣೇ, ಕಾಫಿ ಮಾಡು” ಎಂದರು. ನನಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು, ಅದನ್ನೂ ದೇವರು ಕೊಟ್ಟದ್ದರ ಲೆಕ್ಕಕ್ಕೆ ಇಟ್ಟುಕೊಂಡೆ.

ನಾವು ಎಣಿಸಿರದ ಕಷ್ಟ ಆಮೇಲೆ ಶುರುವಾಯಿತು. ಜಾಹೀರಾತು ಅಲ್ಲೇ ಇತ್ತು. ವಾರಕ್ಕೊಬ್ಬರಾದರೂ ಪ್ರಿಂಟ್ ಹಾಳೆ ಹಿಡಿದುಕೊಂಡು ಗೇಟಿನ ಹತ್ತಿರ ಬರುತ್ತಿದ್ದರು. ಅದೇ ಹಜಾರ, ಅದೇ ತುಳಸಿಕಟ್ಟೆ. ಗೇಟಿನ ಸದ್ದಾದರೆ ಇವರು ಒಳಕೋಣೆಗೆ. ನಾನು ಹೊರಗೆ ಬಂದು, “ಇದು ಮಾರೋ ಮನೆ ಅಲ್ಲ, ಮೋಸ” ಎಂದು ಹೇಳಿ ಕಳಿಸುತ್ತಿದ್ದೆ. ಕೇಳುವವರಿದ್ದರೆ ನಾಲ್ಕು ಮಾತು ಹೆಚ್ಚಿಗೆ ಹೇಳುತ್ತಿದ್ದೆ. ಪವರ್ ಆಫ್ ಅಟಾರ್ನಿ ಅಂದರೆ ಅದನ್ನು ಕೊಟ್ಟವರನ್ನೇ ಹೋಗಿ ಕಣ್ಣಾರೆ ನೋಡಿ. ಜೆರಾಕ್ಸ್ ನಂಬಬೇಡಿ, ಅಸಲು ಪತ್ರ ಕೇಳಿ. ಅಕ್ಕಪಕ್ಕದವರನ್ನಲ್ಲ, ಹಿಂದಿನ ಓಣಿಯ ಹಳಬರನ್ನು ವಿಚಾರಿಸಿ. ಆತುರ ಮಾಡಿಸುವವನಿಗೆ ಕಾಸು ಬಿಚ್ಚಬೇಡಿ, ಅವನು ನಿಮ್ಮ ದೇವರ ಹೆಸರಲ್ಲೇ ಆತುರ ಮಾಡಿಸಿದರೂ. ಹೀಗೆ. ನಮಗೆ ಯಾವುದು ಗೊತ್ತಿರಲಿಲ್ಲವೋ ಅದನ್ನು.

ಮರುವರ್ಷ ಆಷಾಢಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ಒಂದು ಭಾನುವಾರ ಗಂಡ ಹೆಂಡತಿ ಬಂದರು. ಮಾತು ಕೇಳಿದರೆ ಉತ್ತರ ಕರ್ನಾಟಕದವರು. ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದರಂತೆ, ಆತನಿಗೆ ಯಾವುದೋ ಆಫೀಸಿನಲ್ಲಿ ಕೆಲಸ. ಹುಡುಗಿ ತುಂಬು ಬಸುರಿ.

“ಅಡಗಿಮನಿ ಒಂದ್ ಸರ್ತಿ ನೋಡ್ತೀವ್ರಿ ಅಕ್ಕಾರ” ಎಂದಳು.

ನಾನು ನನ್ನ ಮಾತು ಶುರು ಮಾಡಿದೆ. ಅವಳು ಗಂಡನ ಮುಖ ನೋಡಿ ನಕ್ಕಳು. “ನೋಡಿದ್ರ್ಯಾ, ಹೇಳಿದ್ರಲ್ಲ ಅವ್ರು!” ನನ್ನ ಕಡೆ ತಿರುಗಿ, “ನಮಗ ಎಲ್ಲಾ ಗೊತ್ತೈತ್ರಿ. ನೀವು ಬಾಡಿಗಿಯವ್ರು, ಖಾಲಿ ಮಾಡಾಕ ಒಲ್ಲೆ ಅಂತೀರಂತ. ಯಾರರ ಬಂದ್ರ ಮೋಸ, ಪೊಲೀಸು ಅಂತ ಕಥಿ ಹೇಳಿ ಹೆದರಸ್ತೀರಂತ. ಅದಕ್ಕ ಅಲ್ರಿ ನಮಗ ಇಷ್ಟ ಅಗ್ಗಕ್ಕ ಸಿಕ್ಕಿದ್ದು” ಎಂದಳು.

ಅವನು ಎಲ್ಲಿಯೋ ಕೂತು, ಜಾಹೀರಾತಿನಲ್ಲಿ ಫೋನ್ ನಂಬರು ಮಾತ್ರ ಬದಲಿಸಿ, ನಮ್ಮನ್ನೂ ತನ್ನ ಕೆಲಸಕ್ಕೆ ಹಚ್ಚಿಕೊಂಡಿದ್ದ.

“ದುಡ್ಡು ಕೊಟ್ರೇನಮ್ಮ?” ಎಂದೆ.

“ಟೋಕನ್ ಕೊಟ್ಟೀವ್ರಿ. ಉಳಿದದ್ದು ನಾಳೆ. ಆಷಾಢ ಹತ್ತೂದರಾಗ ಕೊಡಬೇಕಲ್ರಿ.”

“ಕೊಡಬೇಡಿ ತಾಯಿ, ನಿಮಗೆ ಕೈ ಮುಗಿತೀನಿ.”

“ಇರಲಿ ಬಿಡ್ರಿ ಮೇಡಂ” ಎಂದು ಗಂಡ ಸಿಡುಕಿದ. “ನಿಮ್ ಕಷ್ಟ ನಿಮಗ. ಒಂದ್ ತಿಂಗಳ ಟೈಮ್ ಕೊಡಸ್ತೀನಿ, ಮನಿ ಹುಡುಕ್ಕೋರಿ. ಬಾರ ನೀ” ಎಂದು ಹೆಂಡತಿಯ ತೋಳು ಹಿಡಿದು ಗೇಟಿನ ಕಡೆ ತಿರುಗಿದ. ನಾನು ಏನು ಹೇಳಿದರೂ ಆ ಮೋಸಗಾರ ಮೊದಲೇ ಹೇಳಿಟ್ಟ ಸುಳ್ಳೇ ಆಗುತ್ತಿತ್ತು. ಅಜ್ಜಿಯನ್ನು ಕರೆಯೋಣವೆಂದರೆ ಅವಳು ಮಗಳ ಊರಿಗೆ ಹೋಗಿದ್ದಳು. ಅಮ್ಮಾ ಬನಶಂಕರಿ ಎಂದು ನಿಂತುಬಿಟ್ಟೆ.

ಆಗ ಹಿಂದಿನಿಂದ ಇವರು ಬಂದರು. ಗಡ್ಡ ಬೋಳಿಸದ ಮುಖ, ಬನಿಯನ್ನು, ಬರಿಗಾಲು. ಮೆಟ್ಟಿಲಿಳಿದು ಗೇಟಿಗೆ ಅಡ್ಡ ನಿಂತರು.

“ಮೆತ್ತಗೆ ಮಾತಾಡ್ತಾನಾ?” ಎಂದರು. ತಿಂಗಳುಗಟ್ಟಲೆ ಬಳಸದ ಧ್ವನಿ, ಒಡೆದು ಬಂತು.

ಆ ಹುಡುಗ ನಿಂತ.

“ತಾಯಿಗೆ ಕಾಲು ಆಡಲ್ಲ ಅಂದ್ನಾ? ರಿಜಿಸ್ಟ್ರೇಷನ್ ದಿನ ಕಾರಲ್ಲಿ ಕರ್ಕೊಂಡ್ ಬರ್ತೀನಿ ಅಂದ್ನಾ? ಇನ್ನೊಂದು ಪಾರ್ಟಿ ಇದೆ, ಅವ್ರಿಗೆ ಆಷಾಢ ಇಲ್ಲ ಅಂದ್ನಾ?”

ಹುಡುಗಿಯ ಮುಖದ ನಗು ಇಂಗಿತು. ಅವಳು ನಿಧಾನವಾಗಿ ತುಳಸಿಕಟ್ಟೆಯ ಅಂಚಿನಲ್ಲಿ ಕೂತಳು.

“ನಾನು ಬಾಡಿಗೆಯವನು ನಿಜ” ಎಂದರು ಇವರು. “ಈ ಮನೆಗೆ ನಾನು ಇಡೀ ನೌಕರಿಯ ದುಡ್ಡು ಕೊಟ್ಟಿದ್ದೀನಿ. ಅವನಿಗೆ ಕೊಟ್ಟಿದ್ದೀನಿ. ನನ್ನ ಹತ್ರ ಅಗ್ರಿಮೆಂಟ್ ಇದೆ, ಪೊಲೀಸ್ ಕಂಪ್ಲೇಂಟ್ ಇದೆ, ಒಳಗೆ ಬಂದು ಓದು. ಓದಿ ಆಮೇಲೆ ನಾಳೆ ಹೋಗಿ ಕೊಟ್ಟು ಬಾ.”

ಅವನು ಒಳಗೆ ಬಂದು ಓದಿದ. ಎರಡು ಸಲ ಓದಿದ. ಹೊರಗೆ ಬಂದು ಆ ನಂಬರಿಗೆ ಫೋನ್ ಮಾಡಿ, ಮೂಲ ಪತ್ರ ಈಗಲೇ ನೋಡಬೇಕು, ತಾಯಿಯನ್ನು ಮಾತಾಡಿಸಬೇಕು ಎಂದ. ಆ ಕಡೆಯಿಂದ ಏನೋ ಹೇಳಿ ಇಟ್ಟರು. ಮತ್ತೆ ಮಾಡಿದರೆ ಸ್ವಿಚ್ ಆಫ್. ಟೋಕನ್ ಹೋಯಿತು. ಅದು ಅವನ ಎರಡು ತಿಂಗಳ ಸಂಬಳ. ಉಳಿದದ್ದು, ಹುಡುಗಿಯ ತವರಿನಲ್ಲಿ ಬಂಗಾರ ಅಡವಿಟ್ಟು ತಂದದ್ದು, ಉಳಿಯಿತು. ನಾನು ಅವಳಿಗೆ ನೀರು ಕೊಟ್ಟೆ. ಕುಡಿಯಲಿಲ್ಲ, ಲೋಟ ಹಿಡಿದು ಕೂತಿದ್ದಳು.

ಹೋಗುವಾಗ ಆ ಹುಡುಗ ನಮಗೆ ಕೈ ಮುಗಿಯಲಿಲ್ಲ. ಸಿಟ್ಟಿನಿಂದಲೇ ಕೇಳಿದ. “ಇಷ್ಟ್ ದಿನ ಇಲ್ಲೇ ಅದೀರಿ. ಒಂದ್ ಬೋರ್ಡ್ ಹಾಕಾಕ ಏನಾಗಿತ್ರಿ ನಿಮಗ?”

ನನಗೆ ಹೆದರಿಕೆಯಾಯಿತು, ಇವರು ಮತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಾರೆಂದು. ಅವರು ಷರಟು ಹಾಕಿಕೊಂಡು ಹೊರಟರು. ಎಲ್ಲಿಗೆ ಎಂದು ಕೇಳುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ. ಅತ್ತೆ ಬಾಗಿಲಲ್ಲೇ ಕೂತರು. ಸ್ವಲ್ಪ ಹೊತ್ತಿಗೆ ಕಪ್ಪು ಪೇಂಟಿನ ಡಬ್ಬಿ, ಒಂದು ಬ್ರಷ್ಷು ಹಿಡಿದು ಬಂದರು.

ಕಾಂಪೌಂಡ್ ಗೋಡೆಯ ಮೇಲೆ, ರಸ್ತೆಯ ಕಡೆಗೆ, ಒಂದೊಂದೇ ಅಕ್ಷರ ಬರೆದರು. ಈ ಮನೆ ಮಾರಾಟಕ್ಕಿಲ್ಲ. ಕೆಳಗೆ ‘ಮಾಲೀಕರು’ ಎಂದು ಬರೆದು ನಿಲ್ಲಿಸಿದರು. ಬ್ರಷ್ಷಿನಿಂದ ಪೇಂಟು ಅವರ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

“ಏನೋ ಅದು ಅಜ್ಜಿ ಪೂರ್ತಿ ಹೆಸರು?” ಎಂದು ಅತ್ತೆ ಬಾಗಿಲಿನಿಂದಲೇ ಕೇಳಿದರು.

“ಗೊತ್ತು” ಎಂದು ಇವರು, ನಮ್ಮ ಅಗ್ರಿಮೆಂಟಿನಲ್ಲೇ ಇದ್ದ ಅಜ್ಜಿಯ ಹೆಸರು ಬರೆದರು.